ಸಿಎಫ್‌ಡಿ ಕೆಲಸಕ್ಕೆ ಕಂಪ್ಯೂಟರ್ ಅಳೆಯುವುದು ಹೇಗೆ: ಓಪನ್‌ಫೋಮ್ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಸಿಎಫ್‌ಡಿ ಎಂದರೆ ಗಾಳಿ, ನೀರಿನಂಥವುಗಳ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು. ಓಪನ್‌ಫೋಮ್ ಅದಕ್ಕೆ ಬಳಸುವ ಪುಕ್ಕಟೆ ಸಾಫ್ಟ್‌ವೇರ್. "ಸಿಎಫ್‌ಡಿ ಮಾಡೋಕೆ ಯಾವ ಕಂಪ್ಯೂಟರ್ ತಗೊಳ್ಳಲಿ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಜಾಸ್ತಿ ಕೋರ್ ಇರೋದು ತಗೊಳ್ಳಿ. ಇದು ಅರ್ಧ ಮಾತ್ರ ಸರಿ. 24 ಕೋರ್‌ನ ಹೊಸ ಡೆಸ್ಕ್‌ಟಾಪ್ 16 ಕೋರ್‌ನ ಹಳೆಯ ಸರ್ವರ್‌ಗಿಂತ ಹಿಂದೆ ಬೀಳುವುದು ಈ ಕೆಲಸದಲ್ಲಿ ಅಪರೂಪವೇನಲ್ಲ. ಗೇಮ್, ವಿಡಿಯೊ ರೆಂಡರಿಂಗ್ ಸ್ಕೋರ್ ನೋಡಿ ಆರಿಸಿದವರಿಗೆ ಇದು ದುಡ್ಡು ಕೊಟ್ಟ ಮೇಲೆ ಗೊತ್ತಾಗುತ್ತದೆ.

ಈ ಬರಹದಲ್ಲಿ ಓಪನ್‌ಫೋಮ್ ಜೊತೆಗೇ ಬರುವ ಮೋಟರ್‌ಬೈಕ್ ಕೇಸ್ (ಓಡಿಸಲು ಸಿದ್ಧವಾಗಿರುವ ಒಂದು ಮಾದರಿ ಲೆಕ್ಕ) ಹಿಡಿದು, ಒಂದು ಯಂತ್ರ ಎಷ್ಟು ಕೋರ್‌ವರೆಗೆ ನಿಜವಾಗಿ ಕೆಲಸ ಮಾಡುತ್ತದೆ, ಎಲ್ಲಿ ಸುಸ್ತಾಗುತ್ತದೆ ಎಂದು ಅಳೆಯೋಣ. ಲಿನಕ್ಸ್ ಟರ್ಮಿನಲ್ ಬಳಕೆ ಗೊತ್ತಿದೆ, ಓಪನ್‌ಫೋಮ್‌ನಲ್ಲಿ ಒಂದೆರಡು ಕೇಸ್ ಓಡಿಸಿದ್ದೀರಿ ಎಂದುಕೊಂಡಿದ್ದೇನೆ. ಕಮಾಂಡ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಓಪನ್‌ಫೋಮ್ ಕಮಾಂಡ್‌ಗಳಲ್ಲಿ ಎರಡನೇ ಪದದ ಮೊದಲ ಅಕ್ಷರ ದೊಡ್ಡದು ಎನ್ನುವುದು ನೆನಪಿರಲಿ.

## ಕೋರ್ ಹೆಚ್ಚಿದರೂ ವೇಗ ಯಾಕೆ ಹೆಚ್ಚುವುದಿಲ್ಲ

ಹರಿವನ್ನು ಲೆಕ್ಕ ಹಾಕಲು ಜಾಗವನ್ನು ಲಕ್ಷಾಂತರ ಸೆಲ್‌ಗಳಾಗಿ ಕತ್ತರಿಸುತ್ತೇವೆ. ಪ್ರತಿ ಸೆಲ್‌ಗೂ ತನ್ನ ಅಕ್ಕಪಕ್ಕದ ಸೆಲ್‌ಗಳ ಜೊತೆ ಮಾತ್ರ ನೇರ ಸಂಬಂಧ. ಹಾಗಾಗಿ ಒತ್ತಡ ಕಂಡುಹಿಡಿಯಲು ಬಿಡಿಸಬೇಕಾದ ಮ್ಯಾಟ್ರಿಕ್ಸ್‌ನಲ್ಲಿ ಬಹುಪಾಲು ಸೊನ್ನೆಗಳೇ. ಸೊನ್ನೆಯಲ್ಲದ ಪ್ರತಿ ಸಂಖ್ಯೆಗೆ 8 ಬೈಟ್ ಬೇಕು. ಅದು ಯಾವ ಜಾಗದ್ದು ಎಂದು ಹೇಳಲು ಸಾಮಾನ್ಯವಾಗಿ ಇನ್ನೊಂದು 4 ಬೈಟ್. ಈ 12 ಬೈಟ್ ರ‍್ಯಾಮ್‌ನಿಂದ ಬಂದ ಮೇಲೆ ನಡೆಯುವ ಕೆಲಸ ಎಷ್ಟು? ಒಂದು ಗುಣಾಕಾರ, ಒಂದು ಕೂಡಿಕೆ. ಅಷ್ಟೇ. ಅಷ್ಟು ಬೈಟ್ ಬಂದು ಮುಟ್ಟುವ ಹೊತ್ತಿನಲ್ಲಿ ಇವತ್ತಿನ ಒಂದು ಕೋರ್ ಹತ್ತಾರು ಲೆಕ್ಕ ಮುಗಿಸಬಲ್ಲದು.

ಮದುವೆ ಮನೆಯಲ್ಲಿ ಪಂಕ್ತಿಗೆ ಐವತ್ತು ಜನ ಕೂತಿದ್ದಾರೆ, ಬಡಿಸುವವರು ಇಬ್ಬರೇ ಎಂದುಕೊಳ್ಳಿ. ಇನ್ನೂ ಐವತ್ತು ಎಲೆ ಹಾಕಿದರೆ ಊಟ ಬೇಗ ಮುಗಿಯುತ್ತಾ? ಕೋರ್‌ಗಳು ಉಣ್ಣುವವರು, ಮೆಮೊರಿ ಚಾನೆಲ್‌ಗಳು (ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಡೇಟಾ ಬರುವ ದಾರಿಗಳು) ಬಡಿಸುವವರು.

ದೊಡ್ಡ ಯಂತ್ರಗಳ ಕಥೆಯೂ ಇದೇ. ಜಪಾನಿನ ಕೋಬೆಯಲ್ಲಿರುವ ಫುಗಾಕು ಸೂಪರ್‌ಕಂಪ್ಯೂಟರ್ ಲೆಕ್ಕದ ವೇಗ ಅಳೆಯುವ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ 442 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ) ಮುಟ್ಟಿತು. ನಮ್ಮಂಥ ವಿರಳ (ಬಹುಪಾಲು ಸೊನ್ನೆಯ) ಮ್ಯಾಟ್ರಿಕ್ಸ್ ಕೆಲಸವನ್ನು ಹೋಲುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ ಅದೇ ಯಂತ್ರದ ಅಂಕಿ 16 ಪೆಟಾಫ್ಲಾಪ್. ಶೇ. 4 ಕೂಡ ಇಲ್ಲ.

ಅಂದರೆ ಯಾವ ಕೆಲಸ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಯಂತ್ರ ಹುಡುಕಬೇಕು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು 1986ರಲ್ಲಿ ಹೀಗೇ ಮಾಡಿದ್ದರು. ಭಾರತದ ಮೊದಲ ಪ್ಯಾರಲಲ್ (ಹಲವು ಪ್ರೊಸೆಸರ್ ಒಟ್ಟಿಗೆ ದುಡಿಯುವ) ಕಂಪ್ಯೂಟರ್ ಎಂದು ಹೆಸರಾದ ಅವರ ಫ್ಲೋಸಾಲ್ವರ್ ಹುಟ್ಟಿದ್ದೇ ಹರಿವಿನ ಸಮೀಕರಣ ಬಿಡಿಸಲು.

## ಹಂತ 1: ಮೊದಲು ಕಾಗದದ ಮೇಲೆ

ಏನನ್ನೂ ಓಡಿಸುವ ಮುಂಚೆ ಐದು ನಿಮಿಷದ ಲೆಕ್ಕ ಮಾಡಿ. ಡಿಡಿಆರ್5-5600 ಬಗೆಯ ರ‍್ಯಾಮ್ ಎಂದರೆ ಸೆಕೆಂಡಿಗೆ 560 ಕೋಟಿ ವರ್ಗಾವಣೆ. ಒಂದು ಚಾನೆಲ್‌ನಲ್ಲಿ ಪ್ರತಿ ಸಲ 8 ಬೈಟ್ ಹೋಗುತ್ತದೆ. ಗುಣಿಸಿದರೆ ಚಾನೆಲ್‌ಗೆ ಸೆಕೆಂಡಿಗೆ 44.8 ಜಿಬಿ. ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಎರಡೇ ಚಾನೆಲ್, ಹಾಗಾಗಿ 89.6 ಜಿಬಿ. ಇದು ಗರಿಷ್ಠ ಮಿತಿ. ಇದರ ಮೇಲೆ ಹೋಗುವುದು ಸಾಧ್ಯವಿಲ್ಲ.

ಈಗ ಇದನ್ನು ಕೋರ್ ಸಂಖ್ಯೆಯಿಂದ ಭಾಗಿಸಿ. ಕೆಲವು ನಿಜವಾದ ಪ್ರೊಸೆಸರ್‌ಗಳ ಲೆಕ್ಕ ನೋಡಿ (ರೈಜೆನ್ ಎಎಮ್‌ಡಿಯ ಡೆಸ್ಕ್‌ಟಾಪ್ ಚಿಪ್, ಎಪಿಕ್ ಅದರ ಸರ್ವರ್ ಚಿಪ್; ಅಂಕಿಗಳು ಸೆಕೆಂಡಿಗೆ ಜಿಬಿಯಲ್ಲಿ):

- ರೈಜೆನ್ 9 7950ಎಕ್ಸ್: 16 ಕೋರ್, ಎರಡು ಚಾನೆಲ್ ಡಿಡಿಆರ್5-5200, ಒಟ್ಟು 83.2 ಜಿಬಿ. ಕೋರ್‌ಗೆ 5.2.
- ಎರಡನೇ ತಲೆಮಾರಿನ ಎಪಿಕ್, 16 ಕೋರ್: ಎಂಟು ಚಾನೆಲ್ ಡಿಡಿಆರ್4-3200, ಒಟ್ಟು 204.8 ಜಿಬಿ. ಕೋರ್‌ಗೆ 12.8.
- ನಾಲ್ಕನೇ ತಲೆಮಾರಿನ ಎಪಿಕ್, 32 ಕೋರ್: ಹನ್ನೆರಡು ಚಾನೆಲ್ ಡಿಡಿಆರ್5-4800, ಒಟ್ಟು 460.8 ಜಿಬಿ. ಕೋರ್‌ಗೆ 14.4.
- ಅದೇ ತಲೆಮಾರು, 96 ಕೋರ್: ಒಟ್ಟು ಅಷ್ಟೇ 460.8 ಜಿಬಿ. ಕೋರ್‌ಗೆ 4.8.

ಕೊನೆಯ ಎರಡು ಸಾಲನ್ನು ಇನ್ನೊಮ್ಮೆ ಓದಿ. 96 ಕೋರ್‌ನ ಆ ದುಬಾರಿ ಚಿಪ್‌ನಲ್ಲಿ ಒಂದೊಂದು ಕೋರ್‌ಗೆ ಸಿಗುವುದು ಡೆಸ್ಕ್‌ಟಾಪ್‌ಗಿಂತಲೂ ಕಡಿಮೆ. ಹಾಗಂತ ಅದು 32 ಕೋರ್‌ನದಕ್ಕಿಂತ ನಿಧಾನವೇನಲ್ಲ. ಆದರೆ ಮೂರು ಪಟ್ಟು ವೇಗವನ್ನು ಮಾತ್ರ ನಿರೀಕ್ಷಿಸಬೇಡಿ. ನನ್ನನ್ನು ಕೇಳಿದರೆ, ಸಿಎಫ್‌ಡಿ ಒಂದೇ ಕೆಲಸ ಆಗಿದ್ದರೆ ಮಧ್ಯಮ ಕೋರ್‌ನ ಸರ್ವರ್ ಚಿಪ್ ತೆಗೆದುಕೊಂಡು, ಉಳಿದ ದುಡ್ಡನ್ನು ಎಲ್ಲ ಚಾನೆಲ್‌ಗೂ ರ‍್ಯಾಮ್ ತುಂಬಲು ಹಾಕುವುದು ಜಾಣತನ.

ಚಾನೆಲ್ ತುಂಬುವ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಹೆಚ್ಚು ನಷ್ಟ ಆಗುವುದೇ ಇಲ್ಲಿ. 64 ಜಿಬಿ ಬೇಕು ಎಂದರೆ ಅಂಗಡಿಯವರು ಎಷ್ಟೋ ಸಲ ಒಂದೇ 64 ಜಿಬಿ ಸ್ಟಿಕ್ ಹಾಕಿ ಕೊಡುತ್ತಾರೆ. "ಆಮೇಲೆ ಬೇಕಾದ್ರೆ ಇನ್ನೊಂದು ಹಾಕ್ಬಹುದು ಸರ್" ಎನ್ನುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಯಂತ್ರ ಕಟ್ಟಿಸಿದವರಿಗೆ ಈ ಮಾತು ಹೊಸದಲ್ಲ. ಆದರೆ ಒಂದೇ ಸ್ಟಿಕ್ ಎಂದರೆ ಒಂದೇ ಚಾನೆಲ್, ಅಂದರೆ ಅರ್ಧ ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಬರಬಲ್ಲ ಡೇಟಾ). 32ರ ಎರಡು ಸ್ಟಿಕ್ ಕೇಳಿ. ಇನ್ನೊಂದು ತುದಿಯ ತೊಂದರೆಯೂ ಇದೆ. ಡಿಡಿಆರ್5 ಡೆಸ್ಕ್‌ಟಾಪ್‌ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಚಾನೆಲ್ ಎರಡೇ ಉಳಿಯುತ್ತದೆ, ವೇಗ ಮಾತ್ರ ಇಳಿಯುತ್ತದೆ. ರೈಜೆನ್ 7000 ಸರಣಿಗೆ ನಾಲ್ಕು ಸ್ಟಿಕ್ ಹಾಕಿದಾಗ ಎಎಮ್‌ಡಿ ಅಧಿಕೃತವಾಗಿ ಹೇಳುವ ವೇಗ ಡಿಡಿಆರ್5-3600 ಮಾತ್ರ.

ಈಗಾಗಲೇ ಇರುವ ಯಂತ್ರದಲ್ಲಿ ಏನಿದೆ ಎಂದು ನೋಡಲು 'ಡಿಎಂಐಡೀಕೋಡ್' ಕಮಾಂಡ್‌ಗೆ 'ಮೆಮೊರಿ' ಟೈಪ್ ಕೊಟ್ಟು ರೂಟ್ ಆಗಿ ಓಡಿಸಿ. ಯಾವ ಸ್ಲಾಟ್‌ನಲ್ಲಿ ಏನಿದೆ, ಈಗ ಎಷ್ಟು ವೇಗದಲ್ಲಿ ಓಡುತ್ತಿದೆ ಎರಡೂ ಬರುತ್ತದೆ. ಒಂದು ಎಚ್ಚರಿಕೆ: ಡಿಡಿಆರ್5ನ ಒಂದೊಂದು ಸ್ಟಿಕ್ ಒಳಗೆ 32 ಬಿಟ್‌ನ ಎರಡು ಉಪಚಾನೆಲ್‌ಗಳಿವೆ. ಕೆಲವು ಸಾಫ್ಟ್‌ವೇರ್ ಇದನ್ನೇ ಎಣಿಸಿ ಎರಡು ಸ್ಟಿಕ್‌ಗೆ "ನಾಲ್ಕು ಚಾನೆಲ್" ಎಂದು ತೋರಿಸುತ್ತವೆ. ಅದನ್ನು ನೋಡಿ ಖುಷಿಪಡಬೇಡಿ.

## ಹಂತ 2: ಯಂತ್ರವನ್ನು ಹದಕ್ಕೆ ತರುವುದು

ಅಳತೆ ಸರಿ ಬರಬೇಕಾದರೆ ಯಂತ್ರ ಪ್ರತಿ ಸಲವೂ ಒಂದೇ ಥರ ನಡೆದುಕೊಳ್ಳಬೇಕು.

ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಇದೆಯೇ ನೋಡಿ. ಆಫ್ ಇದ್ದರೆ ವೇಗದ ರ‍್ಯಾಮ್‌ಗೆ ಕೊಟ್ಟ ದುಡ್ಡು ಸುಮ್ನೆ ದಂಡ. ಹೈಪರ್‌ಥ್ರೆಡಿಂಗ್ ಅಥವಾ ಎಸ್‌ಎಂಟಿ ಆಫ್ ಮಾಡಿ. ಒಂದು ಕೋರ್ ಎರಡರಂತೆ ಕಂಡರೂ ಮೆಮೊರಿ ಹೆಚ್ಚುವುದಿಲ್ಲ, ಗೊಂದಲ ಮಾತ್ರ ಹೆಚ್ಚುತ್ತದೆ. ಎಪಿಕ್ ಸರ್ವರ್ ಆಗಿದ್ದರೆ ಎನ್‌ಪಿಎಸ್ ಎಂಬ ಆಯ್ಕೆ ಇರುತ್ತದೆ. ಅದನ್ನು 4 ಮಾಡಿದರೆ ಒಂದು ಸಾಕೆಟ್ (ಅಂದರೆ ಒಂದು ಪ್ರೊಸೆಸರ್) ನಾಲ್ಕು ನ್ಯೂಮಾ ಭಾಗವಾಗಿ, ಅಂದರೆ ತಮ್ಮ ತಮ್ಮ ಹತ್ತಿರದ ಮೆಮೊರಿ ಇರುವ ನಾಲ್ಕು ಕೋರ್ ಗುಂಪಾಗಿ ಕಾಣುತ್ತದೆ. ಪ್ರತಿ ಪ್ರಕ್ರಿಯೆಯೂ ಹತ್ತಿರದ ಚಾನೆಲ್‌ನಿಂದಲೇ ಡೇಟಾ ತರುವಂತೆ ಮಾಡಲು ಇದು ಸಹಾಯ. ಎಂಪಿಐ (ಹಲವು ಪ್ರಕ್ರಿಯೆಗಳು ಪರಸ್ಪರ ಸಂದೇಶ ಕಳಿಸುತ್ತಾ ದುಡಿಯುವ ವ್ಯವಸ್ಥೆ) ಕೆಲಸಕ್ಕೆ ಇದರಿಂದ ಸಾಮಾನ್ಯವಾಗಿ ಲಾಭವೇ. ಆದರೂ ಒಮ್ಮೆ 1, ಒಮ್ಮೆ 4 ಇಟ್ಟು ಎರಡನ್ನೂ ಅಳೆಯಿರಿ.

ಲಿನಕ್ಸ್ ಒಳಗೆ 'ಸಿಪಿಯುಪವರ್' ಬಳಸಿ, ಕ್ಲಾಕ್ ವೇಗ ನಿಯಂತ್ರಿಸುವ ಗವರ್ನರ್ ಅನ್ನು 'ಪರ್ಫಾರ್ಮೆನ್ಸ್' ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಬೇಕು. ಬ್ರೌಸರ್ ಮುಚ್ಚಿ. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಲ್ಯಾಬ್‌ನಲ್ಲಿ ಎಸಿ ಇಲ್ಲದೆ ತೆಗೆದ ಅಂಕಿಗೂ ಡಿಸೆಂಬರ್‌ನಲ್ಲಿ ತೆಗೆದ ಅಂಕಿಗೂ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. 'ಸೆನ್ಸರ್ಸ್' ಕಮಾಂಡ್‌ನಲ್ಲಿ ಉಷ್ಣತೆ, 'ಟರ್ಬೋಸ್ಟ್ಯಾಟ್'ನಲ್ಲಿ ಕ್ಲಾಕ್ ನೋಡುತ್ತಿರಿ. ಓಟದ ನಡುವೆ ಕ್ಲಾಕ್ ಕುಸಿದರೆ ನೀವು ಅಳೆಯುತ್ತಿರುವುದು ಪ್ರೊಸೆಸರ್ ಅಲ್ಲ, ಫ್ಯಾನು.

ವಿಂಡೋಸ್ ಬಿಡಲು ಆಗದವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್2 ಬಳಸಬಹುದು. ಎರಡು ವಿಷಯ ಗಮನದಲ್ಲಿರಲಿ. ಅದು ತಾನಾಗಿ ತೆಗೆದುಕೊಳ್ಳುವುದು ಒಟ್ಟು ರ‍್ಯಾಮ್‌ನ ಅರ್ಧ ಮಾತ್ರ. ಮತ್ತೆ ಕೇಸ್ ಫೋಲ್ಡರ್ ಸಿ ಡ್ರೈವ್‌ನಲ್ಲಿ ಇರಬಾರದು, ಲಿನಕ್ಸ್‌ನ ಸ್ವಂತ ಹೋಮ್ ಫೋಲ್ಡರ್‌ನಲ್ಲಿರಲಿ. ಇಲ್ಲದಿದ್ದರೆ ಫೈಲ್ ಓದಿ ಬರೆಯುವುದೇ ಸಮಯ ನುಂಗುತ್ತದೆ.

## ಹಂತ 3: ಸ್ಟ್ರೀಮ್ ಓಡಿಸಿ ಚಾನೆಲ್ ಪರೀಕ್ಷಿಸಿ

ಸ್ಟ್ರೀಮ್ ಎನ್ನುವುದು ಜಾನ್ ಮೆಕಾಲ್ಪಿನ್ ಬರೆದ, 1990ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಪುಟ್ಟ ಪ್ರೋಗ್ರಾಂ. ಒಂದೇ ಸಿ ಫೈಲ್. ಕಾಪಿ, ಸ್ಕೇಲ್, ಆ್ಯಡ್, ಟ್ರಯಡ್ ಎಂದು ನಾಲ್ಕು ಸರಳ ಲೆಕ್ಕ ಮಾಡಿ, ರ‍್ಯಾಮ್‌ನಿಂದ ನಿಜವಾಗಿ ಸೆಕೆಂಡಿಗೆ ಎಷ್ಟು ಬರುತ್ತಿದೆ ಎಂದು ಹೇಳುತ್ತದೆ. ನಮಗೆ ಟ್ರಯಡ್ ಸಾಲು ಸಾಕು.

ಕಂಪೈಲ್ ಮಾಡುವಾಗ ಜಿಸಿಸಿಗೆ ಓ3, ಓಪನ್‌ಎಂಪಿ, ನೇಟಿವ್ ಆರ್ಕಿಟೆಕ್ಚರ್ ಆಯ್ಕೆಗಳನ್ನು ಕೊಡಿ. ಮುಖ್ಯವಾದದ್ದು ಅರೇ (ಸಂಖ್ಯೆಗಳ ಸಾಲು) ಗಾತ್ರ. ಮೂಲ ಫೈಲ್‌ನಲ್ಲಿರುವುದು ಅರೇಗೆ 1 ಕೋಟಿ ಅಂಶ, ಅಂದರೆ 80 ಎಂಬಿ. ಇವತ್ತಿನ ಚಿಪ್‌ಗಳಿಗೆ ಇದು ತೀರಾ ಸಣ್ಣದು. ನಿಯಮ ಏನೆಂದರೆ ಪ್ರತಿ ಅರೇಯೂ ಕ್ಯಾಶ್‌ನ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿ) ನಾಲ್ಕು ಪಟ್ಟಾದರೂ ಇರಬೇಕು. 64 ಎಂಬಿ ಎಲ್3 ಕ್ಯಾಶ್ ಇದ್ದರೆ ಅರೇ 256 ಎಂಬಿ, ಸುಮಾರು 3.4 ಕೋಟಿ ಅಂಶ. ಡೆಸ್ಕ್‌ಟಾಪ್‌ಗೆ 8 ಕೋಟಿ ಇಟ್ಟರೆ ನಿಶ್ಚಿಂತೆ. ಮೂರೂ ಅರೇ ಸೇರಿ 1.92 ಜಿಬಿ ಆಗುತ್ತದೆ. 2 ಜಿಬಿ ದಾಟಿಸಿದರೆ ಕಂಪೈಲರ್‌ಗೆ ಮೆಮೊರಿ ಮಾಡೆಲ್ 'ಮೀಡಿಯಂ' ಎಂದು ಹೇಳಬೇಕು, ಇಲ್ಲದಿದ್ದರೆ ಲಿಂಕ್ ಮಾಡುವಾಗ ಎರರ್ ಬರುತ್ತದೆ. 768 ಎಂಬಿ ಕ್ಯಾಶ್ ಇರುವ, ಎಎಮ್‌ಡಿಯ ಮಿಲಾನ್-ಎಕ್ಸ್‌ನಂಥ ಸರ್ವರ್ ಚಿಪ್‌ಗೆ ಇದು ಬೇಕೇ ಬೇಕು.

ಈಗ ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) ಸಂಖ್ಯೆ 1, 2, 4, 8 ಹೀಗೆ ಏರಿಸುತ್ತಾ ಓಡಿಸಿ. ಥ್ರೆಡ್‌ಗಳು ಕೋರ್‌ನಿಂದ ಕೋರ್‌ಗೆ ಅಲೆಯದಂತೆ ಓಪನ್‌ಎಂಪಿ ಪ್ರೊಕ್-ಬೈಂಡ್ ಅನ್ನು 'ಸ್ಪ್ರೆಡ್' ಮಾಡಿ. ಟ್ರಯಡ್ ಅಂಕಿ ಮೊದಲು ಏರುತ್ತದೆ, ಆಮೇಲೆ ನಿಲ್ಲುತ್ತದೆ. ಎಷ್ಟು ಥ್ರೆಡ್‌ಗೆ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಸಿಎಫ್‌ಡಿಯೂ ಹೆಚ್ಚುಕಮ್ಮಿ ಅಲ್ಲೇ ಮಂದವಾಗತೊಡಗುತ್ತದೆ.

ಹಂತ 1ರ ಲೆಕ್ಕದ ಮುಕ್ಕಾಲು ಭಾಗವೋ ಸ್ವಲ್ಪ ಹೆಚ್ಚೋ ಬಂದರೆ ಆರೋಗ್ಯವಾಗಿದೆ ಎಂದರ್ಥ. ಅರ್ಧಕ್ಕಿಂತ ಕಡಿಮೆ ಬಂದರೆ ಮುಂದೆ ಹೋಗಬೇಡಿ. ಸ್ಟಿಕ್ ಒಂದೇ ಚಾನೆಲ್‌ನಲ್ಲಿ ಕೂತಿರಬಹುದು, ಎಕ್ಸ್‌ಎಂಪಿ ಆಫ್ ಇರಬಹುದು, ಸರ್ವರ್‌ನಲ್ಲಿ ಒಂದೆರಡು ಸ್ಟಿಕ್ ಸಡಿಲವಾಗಿರಬಹುದು. ಅದನ್ನು ಸರಿಮಾಡದೆ ಓಪನ್‌ಫೋಮ್ ಓಡಿಸಿ ಪ್ರಯೋಜನ ಇಲ್ಲ.

## ಹಂತ 4: ಮೋಟರ್‌ಬೈಕ್ ಕೇಸ್ ಸಿದ್ಧತೆ

ಬೈಕ್ ಮತ್ತು ಸವಾರನ ಸುತ್ತ ಗಾಳಿ ಹರಿಯುವ ಈ ಕೇಸ್ ಓಪನ್‌ಫೋಮ್‌ನ ಟ್ಯುಟೋರಿಯಲ್ಸ್ ಫೋಲ್ಡರ್‌ನಲ್ಲೇ ಇದೆ. ಇನ್‌ಕಂಪ್ರೆಸಿಬಲ್ ಒಳಗೆ ಸಿಂಪಲ್‌ಫೋಮ್, ಅದರೊಳಗೆ ಮೋಟರ್‌ಬೈಕ್. ಓಪನ್‌ಫೋಮ್ ಹೊರತರುವ ಬಳಗಗಳಲ್ಲಿ ಒಂದಾದ ಫೌಂಡೇಶನ್‌ನ ಆವೃತ್ತಿ 11ರಿಂದ ಮುಂದೆ ಸಾಲ್ವರ್‌ಗಳ (ಸಮೀಕರಣ ಬಿಡಿಸುವ ಪ್ರೋಗ್ರಾಂಗಳ) ವ್ಯವಸ್ಥೆ ಬದಲಾಗಿ ಫೋಮ್‌ರನ್ ಬಂದಿದೆ, ಹಾಗಾಗಿ ಜಾಗವೂ ಬೇರೆ. ಎರಡು ಯಂತ್ರ ಹೋಲಿಸುವುದಾದರೆ ಎರಡರಲ್ಲೂ ಒಂದೇ ಬಳಗದ ಒಂದೇ ಆವೃತ್ತಿ ಇರಲಿ.

ಈ ಕೇಸನ್ನೇ ಯಾಕೆ ಹಿಡಿಯಬೇಕು? ಎಲ್ಲರ ಹತ್ತಿರವೂ ಇದೆ, ಪುಕ್ಕಟೆ, ಮೆಶ್ (ಸೆಲ್‌ಗಳ ಜಾಲ) ನಿಜವಾದ ಎಂಜಿನಿಯರಿಂಗ್ ಕೆಲಸದಷ್ಟೇ ಒರಟಾಗಿದೆ. ಚೌಕದ ಪೆಟ್ಟಿಗೆಯೊಳಗಿನ ಕ್ಯಾವಿಟಿ ಕೇಸ್ ಓಡಿಸಿ ಬರುವ ಅಂಕಿ ನೋಡಲು ಚೆನ್ನಾಗಿರುತ್ತದೆ. ಉಪಯೋಗಕ್ಕೆ ಬರುವುದಿಲ್ಲ.

ಮೂಲ ಕೇಸ್‌ನ ಮೆಶ್ ಸುಮಾರು ಮೂರೂವರೆ ಲಕ್ಷ ಸೆಲ್. ಇದು ತೀರಾ ಚಿಕ್ಕದು. ದೊಡ್ಡ ಕ್ಯಾಶ್‌ನ ಚಿಪ್‌ನಲ್ಲಿ ಬಹುಪಾಲು ಡೇಟಾ ಕ್ಯಾಶ್‌ನೊಳಗೇ ಕೂತು ಸುಳ್ಳು ಭರವಸೆ ಕೊಡುತ್ತದೆ. ಬ್ಲಾಕ್‌ಮೆಶ್‌ಡಿಕ್ಟ್ ತೆರೆದು ಹಿನ್ನೆಲೆ ಮೆಶ್‌ನ 20, 8, 8 ಅನ್ನು 40, 16, 16 ಮಾಡಿ. ಸೆಲ್ ಸಂಖ್ಯೆ 20 ಲಕ್ಷದ ಹತ್ತಿರ ಹೋಗುತ್ತದೆ. ನಿಖರ ಸಂಖ್ಯೆಯನ್ನು ಚೆಕ್‌ಮೆಶ್ ಹೇಳುತ್ತದೆ, ಬರೆದುಕೊಳ್ಳಿ. ಮೆಮೊರಿಗೆ ಅಂದಾಜು ಲೆಕ್ಕ: ಹತ್ತು ಲಕ್ಷ ಸೆಲ್‌ಗೆ 1ರಿಂದ 2 ಜಿಬಿ, ಮೆಶ್ ಕಟ್ಟುವಾಗ ಇನ್ನೂ ಸ್ವಲ್ಪ ಜಾಸ್ತಿ.

ನಂತರ ಕಂಟ್ರೋಲ್‌ಡಿಕ್ಟ್. ಎಂಡ್‌ಟೈಮ್ 100 ಮಾಡಿ, ಅಂದರೆ 100 ಇಟರೇಶನ್ (ಲೆಕ್ಕದ ಸುತ್ತು). ರೈಟ್‌ಇಂಟರ್ವಲ್ ಅನ್ನು ಅದಕ್ಕಿಂತ ದೊಡ್ಡ ಸಂಖ್ಯೆ ಮಾಡಿ, ಓಟದ ನಡುವೆ ಡಿಸ್ಕ್‌ಗೆ ಏನೂ ಬರೆಯಬಾರದು. ರನ್‌ಟೈಮ್‌ಮಾಡಿಫೈಯಬಲ್ ಆಫ್. ಫಂಕ್ಷನ್ಸ್ ಭಾಗದಲ್ಲಿ ಸ್ಟ್ರೀಮ್‌ಲೈನ್, ಕಟಿಂಗ್‌ಪ್ಲೇನ್, ಫೋರ್ಸ್ ಲೆಕ್ಕಗಳೆಲ್ಲ ಇರುತ್ತವೆ, ಪೂರ್ತಿ ತೆಗೆಯಿರಿ. ನಮಗೆ ಬೇಕಿರುವುದು ಸಾಲ್ವರ್ ಸಮಯ ಮಾತ್ರ.

ಇನ್ನು ಮೆಶ್. ಹೆಚ್ಚಿನವರು ಆಲ್‌ರನ್ ಸ್ಕ್ರಿಪ್ಟನ್ನೇ ಪ್ರತಿ ಕೋರ್ ಸಂಖ್ಯೆಗೂ ಮೊದಲಿಂದ ಓಡಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮೆಶ್ ಕಟ್ಟುವ ಸ್ನ್ಯಾಪಿಹೆಕ್ಸ್‌ಮೆಶ್ ಅನ್ನು ಬೇರೆ ಬೇರೆ ಕೋರ್ ಸಂಖ್ಯೆಯಲ್ಲಿ ಓಡಿಸಿದರೆ ಸೆಲ್ ಸಂಖ್ಯೆ ಸ್ವಲ್ಪ ಸ್ವಲ್ಪ ಬದಲಾಗಬಹುದು. ಆಗ ಹೋಲಿಸುತ್ತಿರುವುದು ಒಂದೇ ಸಮಸ್ಯೆಯನ್ನು ಅಲ್ಲವಲ್ಲ. ಅದರ ಬದಲು ಮೆಶ್ ಒಮ್ಮೆ ಮಾತ್ರ ಕಟ್ಟಿ. ಪ್ಯಾರಲಲ್ ಆಗಿ ಕಟ್ಟಿದರೆ ರೀಕನ್‌ಸ್ಟ್ರಕ್ಟ್‌ಪಾರ್‌ಮೆಶ್ ಬಳಸಿ ಒಂದಾಗಿಸಿ. ರೀನಂಬರ್‌ಮೆಶ್ ಓಡಿಸಿದರೆ ಸೆಲ್‌ಗಳ ಕ್ರಮ ಸುಧಾರಿಸಿ ಕ್ಯಾಶ್ ಚೆನ್ನಾಗಿ ಬಳಕೆಯಾಗುತ್ತದೆ. ಮಾಡುವುದಾದರೆ ಎಲ್ಲ ಯಂತ್ರಕ್ಕೂ ಮಾಡಿ, ಇಲ್ಲವಾದರೆ ಯಾವುದಕ್ಕೂ ಬೇಡ. ಈ ಮೆಶ್ ಇರುವ ಫೋಲ್ಡರನ್ನು 'ಮೂಲ' ಎಂದು ಇಟ್ಟುಕೊಂಡು, ಪೆನ್‌ಡ್ರೈವ್‌ನಲ್ಲಿ ಹಾಕಿ ಎಲ್ಲ ಯಂತ್ರಕ್ಕೂ ಅದನ್ನೇ ಒಯ್ಯಿರಿ.

ಮೆಶ್ ಕಟ್ಟಲು ಹಿಡಿದ ಸಮಯವನ್ನೂ ಬೇರೆಯಾಗಿ ಬರೆದಿಡಿ. ಅದು ಬೇರೆ ಜಾತಿಯ ಕೆಲಸ, ಕ್ಲಾಕ್ ಹೆಚ್ಚಿರುವ ಡೆಸ್ಕ್‌ಟಾಪ್‌ಗಳು ಅಲ್ಲಿ ಮುಂದೆ ಬರುವುದುಂಟು. ದಿನಕ್ಕೆ ಹತ್ತು ಸಲ ಮೆಶ್ ಬದಲಿಸುವವರಿಗೆ ಇದೂ ಮುಖ್ಯ, ಅಲ್ವಾ?

## ಹಂತ 5: ಓಟ

ಪ್ರತಿ ಕೋರ್ ಸಂಖ್ಯೆಗೂ ಇಷ್ಟು ಮಾಡಬೇಕು. ಕೈಯಲ್ಲಿ ಮಾಡುವ ಬದಲು ಬ್ಯಾಶ್‌ನಲ್ಲಿ ಒಂದು ಲೂಪ್ ಬರೆದುಬಿಡಿ.

1. 'ಮೂಲ' ಫೋಲ್ಡರ್ ನಕಲು ಮಾಡಿ. ಸೊನ್ನೆ-ಓರಿಜ್ ಫೋಲ್ಡರನ್ನು ಸೊನ್ನೆ ಎಂದು ನಕಲಿಸಿ.
2. ಫೋಮ್‌ಡಿಕ್ಷನರಿ ಕಮಾಂಡ್‌ನಿಂದ ಡಿಕಂಪೋಸ್‌ಪಾರ್‌ಡಿಕ್ಟ್ ಒಳಗಿನ ನಂಬರ್‌ಆಫ್‌ಸಬ್‌ಡೊಮೇನ್ಸ್ ಬದಲಿಸಿ.
3. ಡಿಕಂಪೋಸ್‌ಪಾರ್ ಓಡಿಸಿ, ಮೆಶ್ ಅಷ್ಟು ತುಂಡಾಗುತ್ತದೆ.
4. ಪೊಟೆನ್ಶಿಯಲ್‌ಫೋಮ್ ಒಮ್ಮೆ ಓಡಿಸಿ. ಇದರ ಸಮಯ ಲೆಕ್ಕಕ್ಕಿಲ್ಲ.
5. ಎಂಪಿಐರನ್ ಮೂಲಕ ಸಿಂಪಲ್‌ಫೋಮ್ ಓಡಿಸಿ ಲಾಗ್ ಫೈಲ್‌ಗೆ ಉಳಿಸಿ.

ಎರಡನೇ ಅಂಶದಲ್ಲಿ ಹಲವರು ಎಡವುತ್ತಾರೆ. ಈ ಕೇಸ್‌ನಲ್ಲಿ ಮೊದಲೇ ಇರುವ ವಿಧಾನ ಹೈರಾರ್ಕಿಕಲ್, ಆರು ತುಂಡಿಗೆ 3, 2, 1 ಎಂದು ಬರೆದಿದೆ. ಒಟ್ಟು ಸಂಖ್ಯೆಯನ್ನು ಮಾತ್ರ 8 ಮಾಡಿದರೆ ಗುಣಲಬ್ಧ ಹೊಂದದೆ ಎರರ್ ಬರುತ್ತದೆ. ವಿಧಾನವನ್ನು ಸ್ಕಾಚ್ ಎಂದು ಬದಲಿಸಿ. ತುಂಡುಗಳ ನಡುವಿನ ಗಡಿ ಆದಷ್ಟು ಚಿಕ್ಕದಾಗುವಂತೆ ಅದೇ ಕತ್ತರಿಸುತ್ತದೆ. ಕೆಲವು ಆವೃತ್ತಿಗಳ ಆಲ್‌ರನ್ ಬಳಸುವುದು ಕೊನೆಗೆ '.6' ಇರುವ ಬೇರೆ ಡಿಕ್ಟ್ ಫೈಲನ್ನು. ಯಾವುದನ್ನು ಬದಲಿಸುತ್ತಿದ್ದೀರಿ ಎಂದು ನೋಡಿಕೊಳ್ಳಿ.

ಐದನೆಯದರಲ್ಲಿ ಬೈಂಡಿಂಗ್ (ಪ್ರತಿ ಪ್ರಕ್ರಿಯೆಯನ್ನು ಒಂದೊಂದು ಕೋರ್‌ಗೆ ಕಟ್ಟಿಹಾಕುವುದು) ಮರೆಯಬೇಡಿ. ಓಪನ್ ಎಂಪಿಐ ಆದರೆ 'ಬೈಂಡ್-ಟು ಕೋರ್' ಕೊಟ್ಟು, ಜೊತೆಗೆ 'ರಿಪೋರ್ಟ್-ಬೈಂಡಿಂಗ್ಸ್' ಹಾಕಿದರೆ ಯಾವ ಪ್ರಕ್ರಿಯೆ ಯಾವ ಕೋರ್‌ನಲ್ಲಿ ಕೂತಿದೆ ಎಂದು ಮೊದಲೇ ಅಚ್ಚಾಗುತ್ತದೆ. ಎರಡು ಸಾಕೆಟ್ ಇರುವ ಸರ್ವರ್‌ನಲ್ಲಿ 8 ಪ್ರಕ್ರಿಯೆಯೂ ಒಂದೇ ಸಾಕೆಟ್‌ನಲ್ಲಿ ಕೂತರೆ ಇನ್ನೊಂದು ಸಾಕೆಟ್‌ನ ಚಾನೆಲ್‌ಗಳೆಲ್ಲ ಖಾಲಿ. 'ಮ್ಯಾಪ್-ಬೈ ನ್ಯೂಮಾ' ಕೊಟ್ಟರೆ ಸಮನಾಗಿ ಹಂಚಿಕೆಯಾಗುತ್ತದೆ. ಬೈಂಡಿಂಗ್ ಬರೆಯದೆ ಯಾರಾದರೂ "ನನ್ನ ಸರ್ವರ್ ಇಷ್ಟು ಸೆಕೆಂಡ್" ಎಂದರೆ ಆ ಅಂಕಿಯನ್ನು ನಾನು ನಂಬುವುದಿಲ್ಲ.

ಕೋರ್ ಸಂಖ್ಯೆ ಹೇಗೆ ಆರಿಸುವುದು? 1, 2, 4, 8, ಆಮೇಲೆ ನಾಲ್ಕು ನಾಲ್ಕು ಏರಿಸಿ ಕೊನೆಯವರೆಗೆ. ಪ್ರತಿಯೊಂದನ್ನೂ ಮೂರು ಸಲ ಓಡಿಸಿ ಮಧ್ಯದ ಅಂಕಿ ಹಿಡಿಯಿರಿ. ಮೂರರಲ್ಲಿ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹಿನ್ನೆಲೆಯಲ್ಲಿ ಏನೋ ಓಡುತ್ತಿದೆ ಅಥವಾ ಯಂತ್ರ ಬಿಸಿಯಾಗುತ್ತಿದೆ.

ಲಾಗ್‌ನಲ್ಲಿ ಪ್ರತಿ ಇಟರೇಶನ್‌ಗೂ ಎಕ್ಸಿಕ್ಯೂಶನ್‌ಟೈಮ್, ಕ್ಲಾಕ್‌ಟೈಮ್ ಎಂದು ಎರಡು ಬರುತ್ತದೆ. ಮೊದಲನೆಯದು ಪ್ರೊಸೆಸರ್ ದುಡಿದ ಸಮಯ, ಎರಡನೆಯದು ಗೋಡೆ ಗಡಿಯಾರದ ಸಮಯ. ಹೋಲಿಕೆಗೆ ಎರಡನೆಯದೇ ಸರಿ. ಆದರೆ ಅದು ಪೂರ್ಣ ಸೆಕೆಂಡ್‌ಗಳಲ್ಲಿ ಮಾತ್ರ ಬರುತ್ತದೆ. ಹಾಗಾಗಿ ವೇಗದ ಯಂತ್ರದಲ್ಲಿ ಓಟ ಒಂದು ನಿಮಿಷವಾದರೂ ಹಿಡಿಯುವಂತೆ ಇಟರೇಶನ್ ಸಂಖ್ಯೆ ಹೆಚ್ಚಿಸಿ. ಕೊನೆಯ ಅಂಕಿಯಿಂದ ಹತ್ತನೇ ಇಟರೇಶನ್‌ನ ಅಂಕಿ ಕಳೆದುಬಿಟ್ಟರೆ ಫೈಲ್ ಓದುವ, ಶುರುವಾಗುವ ಗಡಿಬಿಡಿ ಹೊರಗುಳಿಯುತ್ತದೆ. ಎಕ್ಸಿಕ್ಯೂಶನ್‌ಟೈಮ್, ಕ್ಲಾಕ್‌ಟೈಮ್ ಎರಡರ ನಡುವೆ ಅಂತರ ದೊಡ್ಡದಿದ್ದರೆ ಡಿಸ್ಕ್ ಕಡೆ ನೋಡಿ. ಎಂಪಿಐ ಸಂದೇಶಕ್ಕಾಗಿ ಕಾಯುವ ಸಮಯ ಮಾತ್ರ ಈ ಅಂತರದಲ್ಲಿ ಕಾಣುವುದಿಲ್ಲ. ಕಾಯುವಾಗಲೂ ಪ್ರೊಸೆಸರ್ ಸುತ್ತುತ್ತಲೇ ಇರುತ್ತದೆ.

## ಹಂತ 6: ಅಂಕಿ ಓದುವುದು

ಲೆಕ್ಕ ತೋರಿಸಲು ಕೆಲವು ಕಾಲ್ಪನಿಕ ಅಂಕಿ ಹಿಡಿಯೋಣ. ಒಂದು 16 ಕೋರ್ ಡೆಸ್ಕ್‌ಟಾಪ್‌ನಲ್ಲಿ 1 ಕೋರ್‌ಗೆ 1000 ಸೆಕೆಂಡ್, 4ಕ್ಕೆ 280, 8ಕ್ಕೆ 165, 12ಕ್ಕೆ 148, 16ಕ್ಕೆ 145 ಬಂತು ಎನ್ನಿ. ವೇಗವೃದ್ಧಿ ಎಂದರೆ ಮೊದಲ ಅಂಕಿಯನ್ನು ಉಳಿದವುಗಳಿಂದ ಭಾಗಿಸಿದ್ದು: 4ಕ್ಕೆ 3.6, 8ಕ್ಕೆ 6.1, 16ಕ್ಕೆ 6.9. ಅದನ್ನು ಮತ್ತೆ ಕೋರ್ ಸಂಖ್ಯೆಯಿಂದ ಭಾಗಿಸಿದರೆ ದಕ್ಷತೆ. 8 ಕೋರ್‌ನಲ್ಲಿ ಶೇ. 76, 16ರಲ್ಲಿ ಶೇ. 43.

ನಾನು ದಕ್ಷತೆಗಿಂತ ಜಾಸ್ತಿ ನೋಡುವುದು ಕೊನೆಯ ಕೋರ್‌ಗಳು ಏನು ತಂದವು ಎನ್ನುವುದನ್ನು. ಮೇಲಿನ ಲೆಕ್ಕದಲ್ಲಿ 12ರಿಂದ 16ಕ್ಕೆ ಹೋದಾಗ ನಾಲ್ಕು ಕೋರ್ ಸೇರಿ ತಂದದ್ದು 3 ಸೆಕೆಂಡ್. ಈ ಯಂತ್ರ 8ರಿಂದ 12 ಕೋರ್‌ನಷ್ಟೇ ಯಂತ್ರ. ಉಳಿದವು ಕರೆಂಟ್ ತಿನ್ನುತ್ತವೆ. ದಕ್ಷತೆಯ ಅಂಕಿ ಸ್ವಲ್ಪ ಮೋಸವೂ ಹೌದು. ಒಂದೇ ಕೋರ್ ಓಡುವಾಗ ಟರ್ಬೊ ಕ್ಲಾಕ್ ಮೇಲಿರುತ್ತದೆ, ಎಲ್ಲ ಓಡುವಾಗ ಇಳಿಯುತ್ತದೆ. ಹಾಗಾಗಿ ಎರಡು ಯಂತ್ರ ಹೋಲಿಸುವಾಗ ಶೇಕಡಾ ಬಿಟ್ಟು ಸೆಕೆಂಡ್‌ಗಳನ್ನೇ ಹೋಲಿಸಿ.

ಕೆಲವು ಸಲ ಉಲ್ಟಾ ಆಗುತ್ತದೆ. ಕೋರ್ ಎರಡು ಪಟ್ಟು ಮಾಡಿದರೆ ವೇಗ ಎರಡಕ್ಕಿಂತ ಹೆಚ್ಚು ಪಟ್ಟು. ಇದು ಪವಾಡವಲ್ಲ. ತುಂಡು ಚಿಕ್ಕದಾಗಿ ಕ್ಯಾಶ್‌ನೊಳಗೆ ಹಿಡಿಸತೊಡಗಿದೆ, ಅಷ್ಟೇ. ನಿಮ್ಮ ನಿಜವಾದ ಕೇಸ್ 2 ಕೋಟಿ ಸೆಲ್‌ನದಾದರೆ ಈ ಲಾಭ ಅಲ್ಲಿ ಸಿಗದು. ಆ ಅನುಮಾನ ಬಂದರೆ ಮೆಶ್ ಇನ್ನೂ ದೊಡ್ಡದು ಮಾಡಿ ಮತ್ತೆ ಓಡಿಸಿ.

ಇನ್ನೊಂದು ಪರೀಕ್ಷೆ. ಲಾಗ್‌ನಲ್ಲಿ ಒತ್ತಡದ ಸಾಲ್ವರ್ ಪ್ರತಿ ಸಲ ಎಷ್ಟು ಒಳ ಇಟರೇಶನ್ ತೆಗೆದುಕೊಂಡಿತು ಎಂದು ಇರುತ್ತದೆ. ಮೆಶ್ ಕತ್ತರಿಸಿದ ರೀತಿ ಬದಲಾದಂತೆ ಇದೂ ಬದಲಾಗುತ್ತದೆ. 32 ತುಂಡಿನಲ್ಲಿ ಒಳ ಇಟರೇಶನ್ ಜಾಸ್ತಿ ಆಗಿದ್ದರೆ ನಿಧಾನಕ್ಕೆ ಹಾರ್ಡ್‌ವೇರ್ ಕಾರಣವಲ್ಲ, ಕೆಲಸವೇ ಹೆಚ್ಚಾಗಿದೆ.

ಇಂಟೆಲ್‌ನ ಎರಡು ಜಾತಿ ಕೋರ್ ಇರುವ ಚಿಪ್‌ಗಳಿಗೆ ವಿಶೇಷ ಗಮನ ಬೇಕು. ಐ9-13900ಕೆ ಎಂದರೆ 8 ದೊಡ್ಡ ಕೋರ್, 16 ಚಿಕ್ಕ ಕೋರ್. ಸ್ಕಾಚ್ ಮೆಶ್ಶನ್ನು 24 ಸಮಾನ ತುಂಡು ಮಾಡುತ್ತದೆ. ಪ್ರತಿ ಇಟರೇಶನ್ ಕೊನೆಗೆ ಎಲ್ಲರೂ ಎಲ್ಲರಿಗಾಗಿ ಕಾಯಬೇಕು. ದೊಡ್ಡ ಕೋರ್ ಬೇಗ ಮುಗಿಸಿ ಚಿಕ್ಕದರ ಮುಖ ನೋಡುತ್ತಾ ಕೂರುತ್ತದೆ. ಇಂಥ ಚಿಪ್‌ನಲ್ಲಿ ದೊಡ್ಡ 8 ಕೋರ್‌ಗೆ ಮಾತ್ರ ಬೈಂಡ್ ಮಾಡಿ ಒಮ್ಮೆ, ಎಲ್ಲ 24ಕ್ಕೆ ಒಮ್ಮೆ ಅಳೆಯಿರಿ. ಉತ್ತರ ನೋಡಿ ಆಮೇಲೆ ತೀರ್ಮಾನ ಮಾಡಿ.

ಡಿಸೈನ್ ಕೆಲಸ ಮಾಡುವವರು ಒಂದೇ ಕೇಸ್ ಓಡಿಸುವುದಿಲ್ಲ. ಹತ್ತು ಬೇರೆ ಬೇರೆ ಕೋನ, ಹತ್ತು ವೇಗ. ಅಂಥವರು 16 ಕೋರ್‌ನ ಕೇಸ್ ಒಂದಾದ ಮೇಲೊಂದು ಎರಡು ಸಲ ಓಡಿಸಿ ನೋಡಬೇಕು. ಆಮೇಲೆ 8 ಕೋರ್‌ನ ಎರಡು ಕೇಸ್ ಒಟ್ಟಿಗೆ, ಬೇರೆ ಬೇರೆ ಕೋರ್‌ಗೆ ಬೈಂಡ್ ಮಾಡಿ. ದಿನಕ್ಕೆ ಎಷ್ಟು ಕೇಸ್ ಮುಗಿಯುತ್ತದೆ ಎನ್ನುವುದೇ ಅವರಿಗೆ ಬೇಕಾದ ಅಂಕಿ.

ಜಿಪಿಯು ಬಗ್ಗೆ ಎರಡೇ ಮಾತು. ಎನ್‌ವಿಡಿಯಾ ಎಚ್100ರ ಎಸ್‌ಎಕ್ಸ್‌ಎಂ ಕಾರ್ಡ್‌ನ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 3.35 ಟಿಬಿ, ಆಸೆ ಹುಟ್ಟಿಸುವಂಥದ್ದೇ. ಆದರೆ ಸಾಮಾನ್ಯ ಓಪನ್‌ಫೋಮ್ ಅದನ್ನು ಬಳಸುವುದಿಲ್ಲ. ನಿಮ್ಮ ಸಾಲ್ವರ್ ಜಿಪಿಯುಗಾಗಿಯೇ ಬರೆದದ್ದಾಗಿದ್ದರೆ ಮಾತ್ರ ಅತ್ತ ನೋಡಿ.

## ಒಂದಕ್ಕಿಂತ ಹೆಚ್ಚು ಯಂತ್ರ ಇದ್ದರೆ

ನಾಲ್ಕು ಪಿಸಿಗೆ ಸಾಮಾನ್ಯ ಗಿಗಾಬಿಟ್ ಕೇಬಲ್ ಹಾಕಿ ಕ್ಲಸ್ಟರ್ ಮಾಡುವುದು ಕಾಲೇಜುಗಳಲ್ಲಿ ಮಾಮೂಲಿ. ಕಲಿಯಲು ಒಳ್ಳೆಯದು, ವೇಗಕ್ಕೆ ಅಲ್ಲ. ಒತ್ತಡದ ಸಾಲ್ವರ್ ಪ್ರತಿ ಒಳ ಇಟರೇಶನ್‌ನಲ್ಲೂ ಎಲ್ಲ ಪ್ರಕ್ರಿಯೆಗಳಿಂದ ಒಂದೊಂದು ಸಂಖ್ಯೆ ಕೂಡಿಸುತ್ತದೆ. ಸಂದೇಶ ಕೆಲವೇ ಬೈಟ್. ಆದರೆ ಅಂಥವು ಲೆಕ್ಕವಿಲ್ಲದಷ್ಟು. ಇಲ್ಲಿ ಕೇಬಲ್‌ನ ಅಗಲಕ್ಕಿಂತ ಸಂದೇಶ ತಲುಪುವ ತಡವೇ ಮುಖ್ಯ. ಸೂಪರ್‌ಕಂಪ್ಯೂಟರ್‌ಗಳಲ್ಲಿ ಬಳಸುವ ಇನ್ಫಿನಿಬ್ಯಾಂಡ್ ಜಾಲದಲ್ಲಿ ಅದು ಒಂದೆರಡು ಮೈಕ್ರೊಸೆಕೆಂಡ್, ಗಿಗಾಬಿಟ್ ಈಥರ್ನೆಟ್‌ನಲ್ಲಿ ಹತ್ತಾರು.

ಕೇಸ್ ಗಾತ್ರವೂ ಬದಲಾಗಬೇಕು. 20 ಲಕ್ಷ ಸೆಲ್ಲನ್ನು 128 ಕೋರ್‌ಗೆ ಹಂಚಿದರೆ ಕೋರ್‌ಗೆ ಬರುವುದು 15,600 ಸೆಲ್. ಕೋರ್‌ಗೆ 50 ಸಾವಿರದ ಕೆಳಗಿಳಿದರೆ ಲೆಕ್ಕಕ್ಕಿಂತ ಮಾತುಕತೆಯೇ ಹೆಚ್ಚಾಗುತ್ತದೆ ಎನ್ನುವುದು ಓಪನ್‌ಫೋಮ್ ಬಳಸುವವರ ಹಳೆಯ ಅಂದಾಜು. ಆದ್ದರಿಂದ ಎರಡು ಥರ ಅಳೆಯಿರಿ. ಒಂದೇ ಮೆಶ್ ಇಟ್ಟು ಯಂತ್ರ ಹೆಚ್ಚಿಸುವುದು ಸ್ಟ್ರಾಂಗ್ ಸ್ಕೇಲಿಂಗ್. ಯಂತ್ರದ ಜೊತೆ ಮೆಶ್ಶನ್ನೂ ಅಷ್ಟೇ ಪಟ್ಟು ಹೆಚ್ಚಿಸುವುದು ವೀಕ್ ಸ್ಕೇಲಿಂಗ್, ಇಲ್ಲಿ ಸಮಯ ಬದಲಾಗದೆ ಉಳಿದರೆ ಗೆದ್ದಂತೆ. ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಂಥ ಯಂತ್ರದಲ್ಲಿ ಕೆಲಸ ಹಾಕುವ ಮುಂಚೆ ಈ ಎರಡು ಗ್ರಾಫ್ ಕೈಯಲ್ಲಿದ್ದರೆ ಎಷ್ಟು ನೋಡ್ ಕೇಳಬೇಕು ಎಂದು ನಿಮಗೇ ತಿಳಿಯುತ್ತದೆ.

## ಕೊಳ್ಳುವ ಮುಂಚೆ, ಕೊಂಡ ಮೇಲೆ

ಕೊಳ್ಳಬೇಕೆಂದಿರುವ ಪ್ರೊಸೆಸರ್ ತಲೆಮಾರಿನ ಯಂತ್ರ ಕ್ಲೌಡ್‌ನಲ್ಲಿ ಗಂಟೆ ಬಾಡಿಗೆಗೆ ಸಿಗುತ್ತದೆ. ಲಕ್ಷಗಟ್ಟಲೆ ಸುರಿಯುವ ಮುಂಚೆ ಒಂದೆರಡು ಗಂಟೆ ಬಾಡಿಗೆ ಕೊಟ್ಟು 'ಮೂಲ' ಫೋಲ್ಡರ್ ಅಲ್ಲಿ ಓಡಿಸಿ. ಇಂಟೆಲ್, ಎಎಮ್‌ಡಿ ಯಂತ್ರಗಳಲ್ಲಿ ಒಂದು ವಿಸಿಪಿಯು (ಕ್ಲೌಡ್‌ನವರು ಎಣಿಸುವ ಕೋರ್) ಎಂದರೆ ಹೆಚ್ಚಾಗಿ ಒಂದು ಹೈಪರ್‌ಥ್ರೆಡ್. 32 ವಿಸಿಪಿಯು ಎಂದರೆ 16 ಕೋರ್. ಯಂತ್ರದ ಒಂದು ಭಾಗ ಮಾತ್ರ ಬಾಡಿಗೆಗೆ ತಗೊಂಡರೆ ಚಾನೆಲ್‌ಗಳನ್ನು ಪಕ್ಕದವರೂ ಬಳಸುತ್ತಿರುತ್ತಾರೆ. ಅಳತೆಗೆ ಪೂರ್ತಿ ಯಂತ್ರವೇ ಬೇಕು.

ಅಂಕಿ ಬರೆದಿಡುವಾಗ ಸೆಕೆಂಡ್ ಜೊತೆಗೆ ಪ್ರೊಸೆಸರ್ ಮಾದರಿ, ಸ್ಟಿಕ್ ಎಷ್ಟು, ಯಾವ ವೇಗದಲ್ಲಿ ಓಡುತ್ತಿತ್ತು, ಎಸ್‌ಎಂಟಿ, ಎನ್‌ಪಿಎಸ್, ಟ್ರಯಡ್, ಓಪನ್‌ಫೋಮ್ ಮತ್ತು ಎಂಪಿಐ ಆವೃತ್ತಿ, ಬೈಂಡಿಂಗ್, ಸೆಲ್ ಸಂಖ್ಯೆ, ಇವಿಷ್ಟೂ ಇರಲಿ. ಪ್ಲಗ್‌ಗೆ ಹಾಕುವ ವಾಟ್ ಮೀಟರ್ ಸಿಕ್ಕರೆ ಓಟದ ಹೊತ್ತಿನ ವಾಟ್ ಕೂಡ. ದಿನವಿಡೀ ಓಡುವ ಯಂತ್ರಕ್ಕೆ ಕರೆಂಟ್ ಬಿಲ್ಲೂ ಬೆಲೆಯ ಭಾಗವೇ.

ಕಾಲೇಜು, ಕಚೇರಿಗಳಲ್ಲಿ ಟೆಂಡರ್ ಬರೆಯುವವರಿಗೆ ಒಂದು ಸಲಹೆ. "ಕನಿಷ್ಠ 64 ಕೋರ್, 256 ಜಿಬಿ ರ‍್ಯಾಮ್" ಎಂದಷ್ಟೇ ಬರೆದರೆ 64 ಜಿಬಿಯ ನಾಲ್ಕು ಸ್ಟಿಕ್ ಹಾಕಿದ ಹನ್ನೆರಡು ಚಾನೆಲ್‌ನ ಯಂತ್ರ ಬರುತ್ತದೆ. ಮೂರನೇ ಎರಡು ಭಾಗ ಚಾನೆಲ್ ಖಾಲಿ, ಆದರೂ ನಿಯಮದ ಪ್ರಕಾರ ಸರಿಯೇ. ಅದರ ಬದಲು ಹೀಗೆ ಬರೆಯಿರಿ: ಎಲ್ಲ ಮೆಮೊರಿ ಚಾನೆಲ್‌ಗೂ ಒಂದೊಂದು ಒಂದೇ ಬಗೆಯ ಸ್ಟಿಕ್ ಇರಬೇಕು, ಸ್ಟ್ರೀಮ್ ಟ್ರಯಡ್ ಇಷ್ಟಕ್ಕಿಂತ ಕಡಿಮೆ ಇರಬಾರದು, ನಾವು ಕೊಡುವ ಮೋಟರ್‌ಬೈಕ್ ಕೇಸ್ ಇಷ್ಟು ಸೆಕೆಂಡ್ ಒಳಗೆ ಮುಗಿಯಬೇಕು, ಈ ಪರೀಕ್ಷೆ ನಮ್ಮ ಲ್ಯಾಬ್‌ನಲ್ಲಿ, ನಮ್ಮ ಎದುರಿಗೆ ಪಾಸಾದ ಮೇಲೆಯೇ ಕೊನೆಯ ಕಂತು. ಸೆಕೆಂಡಿನ ಮಿತಿಗೆ ಬಾಡಿಗೆ ಯಂತ್ರದಲ್ಲಿ ಬಂದ ಅಂಕಿಯ ಮೇಲೆ ಶೇ. 10 ಸೇರಿಸಿ ಕೊಡಿ.